ಬೋರಾನ್, ಬೋರಮ್ಮ

ವಜ್ರ ಅಂದರೆ ಹೊಳೆಯುತ್ತದೆ ಅಂದುಕೊಂಡಿದ್ದೆ.
ಪಾರ್ಸೆಲ್ಲಿನ ಹತ್ತಿಯೊಳಗಿಂದ ಬಂದದ್ದು
ಸೀದ ಮಂಡಕ್ಕಿಯ ಒಂದು ಕಾಳಿನಷ್ಟು,
ಭಟ್ಟಿ ಬಾಣಲೆಯ ತಳದಷ್ಟು ಕಪ್ಪು.
ಫೋನಿನಲ್ಲಿ ಫೋಟೋ ತೋರಿಸಿದರೆ ಅಮ್ಮ ನಕ್ಕಳು:
"ಇದಕ್ಕೆ ಒಂದೂವರೆ ವರ್ಷ ಕಾದೆಯಾ?
ನನ್ನ ಮೂಗುಬೊಟ್ಟಿನ ಹರಳೇ ವಾಸಿ, ಗಾಜಾದರೂ."

ಅಪ್ಪಟ ವಜ್ರಕ್ಕೆ ಕರೆಂಟು ಹತ್ತುವುದಿಲ್ಲ.
ಎಷ್ಟು ಕೂಗಿದರೂ ತನ್ನ ಪಾಡಿಗೆ ಹೊಳೆಯುತ್ತಾ ಕೂರುತ್ತದೆ.
ಸಾವಿರ ಇಂಗಾಲದ ಸಾಲಿನಲ್ಲಿ
ಒಂದೋ ಎರಡೋ ಬೋರಾನ್ ಪರಮಾಣು
ನುಗ್ಗಿ ಜಾಗ ಹಿಡಿದ ಮೇಲೇ
ಅದಕ್ಕೆ ಕಿವಿ ಬರುವುದು, ಮೈ ಕಪ್ಪಾಗುವುದು.
"ಬೋರಾನ್ ಅಂದ್ರೆ ನಿಮ್ಮ ಬೋರಮ್ಮನ ತಮ್ಮನಾ ಮೇಡಂ?"
ಸೀಸೆ ತೊಳೆಯುವ ತಿಪ್ಪೇಶಿಗೆ ಅದೊಂದು ತಮಾಷೆ.

ತೋಳಹುಣಸೆಯ ಲ್ಯಾಬಿನಲ್ಲಿ ಕೊಟ್ರೇಶ್ ಸರ್ ಅಂದರು:
"ಮೊದಲು ಬ್ಲಾಂಕ್ ತೆಗಿ. ಏನೂ ಇಲ್ಲದ ಹಾಲು.
ಏನೂ ಇಲ್ಲ ಅನ್ನೋದು ಹೆಂಗೆ ಕಾಣ್ತದೆ ಅಂತ ಗೊತ್ತಿಲ್ದೆ
ಏನೋ ಐತೆ ಅಂತ ಹೆಂಗೆ ಹೇಳ್ತೀ?"

ಏನೂ ಇಲ್ಲದ ಹಾಲು ಅಂದರೆ ನನಗೆ ಬೋರಮ್ಮ.
ಆವರಗೆರೆಯ ಕೊನೆಯ ಓಣಿ, ಎರಡೆಮ್ಮೆ.
ಹಾಲಿಗೆ ನೀರು ಬೆರೆಸಿದವರ ಮನೆಯಲ್ಲಿ ದೀಪ ನಿಲ್ಲಲ್ಲ ಎನ್ನುವವಳು.
ನನಗೆ ಹಲ್ಲು ಬರುವ ಮೊದಲಿನಿಂದ ಕುಡಿದದ್ದು ಅದನ್ನೇ.
"ಪರೀಕ್ಷೆಗೆ ಬೇಕವ್ವ, ಅರ್ಧ ಲೀಟರು."
ಒಂದು ಗಳಿಗೆ ನನ್ನನ್ನೇ ನೋಡಿ
ಮೂಲೆಯ ಬೇರೆ ತಂಬಿಗೆಯಿಂದ ಬಗ್ಗಿಸಿ ಕೊಟ್ಟಳು.
ದುಡ್ಡು ಮುಟ್ಟಲಿಲ್ಲ.

ಆಮ್ಲ ಬಿಟ್ಟೆ. ಹಾಲು ಒಡೆಯಿತು.
ಗಿರಗಿರನೆ ತಿರುಗಿಸಿ, ಗಸಿ ಇಳಿಸಿ,
ಮೇಲಿನ ತಿಳಿಯನ್ನು ಗಾಜಿನ ಬಟ್ಟಲಿಗೆ ಸುರಿದೆ.
ಪ್ಲಾಟಿನಂ ಒಂದು, ಬೆಳ್ಳಿ ಒಂದು,
ನಡುವೆ ನನ್ನ ಕಪ್ಪು ಕಿವಿ.
ವೋಲ್ಟು ಮೆಟ್ಟಿಲು ಮೆಟ್ಟಿಲಾಗಿ ಏರಿತು.
ಗೆರೆ ಭದ್ರಾ ನಾಲೆಯ ದಂಡೆಯಂತೆ ಸಪಾಟು.
ಅರ್ಧ, ಮುಕ್ಕಾಲು, ಒಂದು
ಆಮೇಲೆ ಒಂದು ಉಬ್ಬು.
ಪುಟ್ಟದು. ಹೊದಿಕೆಯ ಕೆಳಗೆ ಮಗು ಮಂಡಿ ಮಡಿಸಿದ ಹಾಗೆ.

ತೊಳೆದೆ, ಮತ್ತೆ ಏರಿಸಿದೆ. ಅಲ್ಲೇ.
ಹಾಲಿಲ್ಲದ ಬರಿ ಬಫರ್ ಇಟ್ಟೆ. ಸಪಾಟು.
ಕೊನೆಗೆ ಕಪಾಟಿನಿಂದ ಎನ್ರೋಫ್ಲಾಕ್ಸಾಸಿನ್ ತೆಗೆದು
ಒಂದು ಹನಿ, ಗೊತ್ತಿದ್ದೇ, ಹಾಲಿಗೆ ಸೇರಿಸಿದೆ.
ಪಕ್ಕದಲ್ಲಿ ಇನ್ನೊಂದು ಉಬ್ಬು ಏಳಲಿ ದೇವರೇ ಅಂದೆ.
ಏಳಲಿಲ್ಲ. ಅದೇ ಉಬ್ಬು ಎತ್ತರವಾಯಿತು.

ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಬರುವಾಗ
ಹೊಟ್ಟೆಯಲ್ಲಿ ಇಪ್ಪತ್ತಾರು ವರ್ಷದ ಹಾಲು ಒಡೆಯುತ್ತಿತ್ತು.

ಬೋರಮ್ಮ ಸಗಣಿ ಕೈ ತೊಳೆಯುತ್ತಾ ಪೂರ್ತಿ ಕೇಳಿಸಿಕೊಂಡಳು.
"ಹ್ಞೂಂ, ಚಿಕ್ಕೆಮ್ಮೆಗೆ ಕೆಚ್ಚಲುಬಾವು. ಡಾಕ್ಟ್ರು ಸೂಜಿ ಹಾಕಿ
ಏಳು ದಿನ ಯಾರಿಗೂ ಹಾಕಬ್ಯಾಡ ಅಂದಾರೆ.
ನೀನು ಪರೀಕ್ಷೆಗೆ ಅಂದೆ.
ಕುಡಿಯಾಕೆ ಅಂದಿದ್ರೆ ಅದನ್ನ ಕೊಡ್ತಿದ್ನಾ?
ಒಳ್ಳೆ ಹಾಲು ಮಕ್ಕಳ ಮನೆಗೆ ಹೋಗ್ಬೇಕು ಕಣೇ,
ಮಿಷಿನ್ನಿಗೆ ಯಾಕೆ?"

ನಗು ಬಂತು. ನಗುವಿನ ಹಿಂದೆಯೇ ಇನ್ನೊಂದು.
ದಾರಿಯುದ್ದಕ್ಕೂ ನಾನು ಅವಳನ್ನು ಅಂದುಕೊಂಡದ್ದು
ಯಾವ ವೋಲ್ಟಿನಲ್ಲಿ ಬಯಲಾಗುತ್ತಿತ್ತೋ.

"ಉಳಿದ ದಿನದ್ದು?"
"ಮೋರಿಗೆ" ಅಂದಳು,
ಕಳವು ಒಪ್ಪಿಕೊಂಡವರ ದನಿಯಲ್ಲಿ.
ಮೋರಿ ಹಿಂದಿನ ಹೊಂಡಕ್ಕೆ, ಹೊಂಡ ತುಂಬಿದರೆ ಕಾಲುವೆಗೆ,
ಕಾಲುವೆ ಯಾರ ಗದ್ದೆಗೋ ಅವಳಿಗೂ ತಿಳಿಯದು.

ಚೀಲದಲ್ಲಿ ಇನ್ನೊಂದು ಖಾಲಿ ಬಾಟಲಿ ಇತ್ತು.
ಚೂಡಿದಾರ ಮೇಲೆತ್ತಿ ಮೋರಿಯಂಚಿಗೆ ಕುಕ್ಕರಿಸಿದೆ.
"ಥೂ, ಅದನ್ಯಾಕೆ ಮುಟ್ತೀ" ಅನ್ನುತ್ತಾ ಬೋರಮ್ಮ
ದೊಡ್ಡೆಮ್ಮೆಯ ನೊರೆಹಾಲು ಲೋಟಕ್ಕೆ ಹಾಕಿ ತಂದಳು.
ಎಡಗೈಯಲ್ಲಿ ಕೊಚ್ಚೆ, ಬಲಗೈಯಲ್ಲಿ ಲೋಟ.
ಮೊದಲು ಕುಡಿದೆ.
ಆಮೇಲೆ ಲೇಬಲ್ ಬರೆದೆ.